ಒಲಿಂಪಿಕ್ಸ್ ಬರಲಿ, ಆದರೆ ಲೆಕ್ಕ ಮೊದಲು ಬರಲಿ

2025ರ ನವೆಂಬರ್ 26. ನಮ್ಮ ತೆಂಗಳಿಯಲ್ಲಿ ಸಂವಿಧಾನ ದಿನ ಮಾಡಿದ್ವಿ. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ, ಪೀಠಿಕೆ ಓದಿಸಿ, ಮಕ್ಕಳಿಗೆ ಪೆನ್ನು ಹಂಚಿ ಎಲ್ಲಾ ಮುಗಿದ ಮೇಲೆ ಸಂಜೀಕಿ ಕಟ್ಟಿ ಮ್ಯಾಲ ನಾಲ್ಕು ಮಂದಿ ಕುಂತಿದ್ವಿ. ಆಗ ನಮ್ಮ ಓಣಿಯ ಹುಡುಗ ಒಬ್ಬ ಮೊಬೈಲ್ ಹಿಡ್ಕೊಂಡು ಓಡಿ ಬಂದ. ಕಬಡ್ಡಿ ಛಲೋ ಆಡ್ತಾನ. ಗ್ಲಾಸ್ಗೋದಲ್ಲಿ ನಡೆದ ಸಭೆ 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಟ್ಟಿದೆ ಅನ್ನೋ ಸುದ್ದಿ ತೋರಿಸಿದ.

"ಅಣ್ಣಾ, ಇದಾದ ಮ್ಯಾಲ 2036ರ ಒಲಿಂಪಿಕ್ಸೂ ನಮಗೇ ಬರ್ತದಂತ. ಛಲೋ ಆಯ್ತಲ್ಲ?"

ಹೂಂ ಛಲೋನೇ ಅಂದೆ. ಮತ್ತೇನು ಹೇಳಬೇಕು ಗೊತ್ತಾಗಲಿಲ್ಲ. ಅವತ್ತು ಸಂವಿಧಾನದ 23ನೇ ಕಲಮಿನ ಬಗ್ಗೆ, ಅಂದರೆ ಬಿಟ್ಟಿ ಚಾಕರಿ ನಿಷೇಧದ ಬಗ್ಗೆ ನಾನೇ ಭಾಷಣ ಮಾಡಿದ್ದೆ. ಆ ಕಲಮಿಗೂ ದೇಶದ ದೊಡ್ಡ ಕ್ರೀಡಾಕೂಟಗಳಿಗೂ ಹಳೇ ಸಂಬಂಧ ಇದೆ ಅನ್ನೋದು ಆ ಹುಡುಗನಿಗೆ ಗೊತ್ತಿರಲಿಲ್ಲ. ನನಗೂ ಅರ್ಧಂಬರ್ಧ ಗೊತ್ತಿತ್ತು ಅಷ್ಟೇ. ಆಮೇಲೆ ತೀರ್ಪು, ವರದಿ, ಸಿಎಜಿ ಕಾಗದ ಎಲ್ಲಾ ತೆಗೆದು ಓದಿದೆ. ಈ ಪೋಸ್ಟ್ ಅವನಿಗೆ ಕೊಡಬೇಕಾಗಿದ್ದ ಉತ್ತರ. ಉದ್ದ ಅದ, ಚಹಾ ತಗೊಂಡು ಕುಂತು ಓದ್ರಿ.

ಮೊದಲು ಒಂದು ಮಾತು. ತೆಂಗಳಿಯಲ್ಲಿ ಕುಂತವನಿಗೆ ಒಲಿಂಪಿಕ್ಸ್ ಯಾಕ ಬೇಕು ಅಂತ ಕೆಲವರು ಕೇಳ್ತೀರಿ, ಗೊತ್ತು. ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದ್. ವಾಡಿಯಲ್ಲಿ ಹತ್ತಿದರೆ ಈ ಕಡೆ ಸೊಲ್ಲಾಪುರ, ಪುಣೆ, ಮುಂಬೈ. ನಮ್ಮ ಮಂದಿ ಗಂಟು ಕಟ್ಟಿಕೊಂಡು ಗುಳೆ ಹೋಗೋ ದಾರಿ ಇದು. ನಮ್ಮ ಹೊಲದ ಕೆಳಗಿನ ಕಲ್ಲು ವಾಡಿ, ಮಳಖೇಡಗಳಲ್ಲಿ ಸಿಮೆಂಟ್ ಆಗಿ ಹೋಗ್ತದ, ಶಹಾಬಾದಿನ ಫರ್ಸಿ ಹೋಗ್ತದ, ಹಿಂದಿಂದೆ ಕೆಲಸಕ್ಕ ನಮ್ಮ ಮಂದಿನೂ ಹೋಗ್ತಾರ. ದೇಶದಾಗ ಎಲ್ಲೇ ದೊಡ್ಡ ಕಟ್ಟಡ ಎದ್ದರೂ ನಮ್ಮಂಥ ಜಿಲ್ಲೆಗಳ ದಲಿತ ಓಣಿಗಳು ಅರ್ಧ ಖಾಲಿ ಆಗ್ತಾವ.

ನನ್ನ ಸೋದರಮಾವ ತೊಂಬತ್ತರ ದಶಕದಲ್ಲಿ ಹಿಂಗೇ ಹೈದರಾಬಾದಿಗೆ ಹೋದವರು. ಯಾವುದೋ ದೊಡ್ಡ ಕಟ್ಟಡ, ಯಾವುದೋ ಗುತ್ತೇದಾರ, ಹೆಸರು ಅವರಿಗೇ ಸರಿ ಗೊತ್ತಿರಲಿಲ್ಲ. ದಿನಕ್ಕೆ ಇಷ್ಟು ಅಂತ ಊರಾಗ ಮಾತಾಗಿತ್ತು. ಅಲ್ಲಿ ಹೋದ ಮೇಲೆ ವಾರಕ್ಕೊಮ್ಮೆ ಜ್ವಾಳ, ಎಣ್ಣಿಗಷ್ಟು ಖರ್ಚಿಗೆ ಕೊಟ್ಟು, ಉಳಿದದ್ದು ಕೇಳಿದರೆ ಒಂದೇ ಮಾತು: "ಲೆಕ್ಕ ಆಮ್ಯಾಲ ಮಾಡೋಣು." ಎಂಟು ತಿಂಗಳಾದ ಮೇಲೆ ಕಟ್ಟಡ ಮುಗಿತು, ಗುತ್ತೇದಾರ ಕಾಣಲಿಲ್ಲ. ಮಾವ ವಾಪಸ್ ಬಂದಾಗ ಕೈಯಾಗ ಇದ್ದದ್ದು ಒಂದು ಸ್ಟೀಲ್ ಕೊಡ. ಅತ್ತಿ ಆ ಕೊಡಕ್ಕೆ "ಎಂಟು ತಿಂಗಳ ಕೊಡ" ಅಂತಲೇ ಕರೀತಿದ್ದಳು.

ಈ "ಲೆಕ್ಕ ಆಮ್ಯಾಲ" ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಕ್ರೀಡಾಕೂಟಗಳ ಇತಿಹಾಸ ಓದಿದಾಗ ನನಗೆ ಎಲ್ಲಾ ಕಡೆ ಅದೇ ಕೇಳಿಸಿತು.

1982ಕ್ಕೆ ಬರ್ರಿ. ದಿಲ್ಲಿಯಲ್ಲಿ ಒಂಬತ್ತನೇ ಏಷ್ಯನ್ ಕ್ರೀಡಾಕೂಟ. ನಮ್ಮ ತಲೆಮಾರಿನವರಿಗೆ ಆನೆಮರಿ ಅಪ್ಪು ನೆನಪಿರಬಹುದು, ಬಣ್ಣದ ಟಿವಿ ದೇಶಕ್ಕೆ ಬಂದದ್ದು ಅದೇ ವರ್ಷ. ಮೇಲ್ಸೇತುವೆ, ಸ್ಟೇಡಿಯಂ, ಈಜುಕೊಳ, ಹೋಟೆಲ್, ಆಟಗಾರರ ವಸತಿ ಎಲ್ಲವನ್ನೂ ಗಡಿಬಿಡಿಯಲ್ಲಿ ಕಟ್ಟಿಸಿದರು. ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾ ಕಡೆಯಿಂದ ಜಮಾದಾರರು ಕೂಲಿಗಳನ್ನು ತಂದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್, ಅಂದರೆ ಪಿಯುಡಿಆರ್, ಮೂವರು ಸಮಾಜ ವಿಜ್ಞಾನಿಗಳನ್ನು ಆ ಸೈಟುಗಳಿಗೆ ಕಳಿಸಿ ಲೆಕ್ಕ ತೆಗೆಸಿತು. ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ಪ್ರತಿಯೊಬ್ಬನಿಂದ ದಿನಕ್ಕೆ ಒಂದು ರೂಪಾಯಿ ಕಮಿಷನ್ ಹಿಡಿತಿದ್ದ. ಹೆಂಗಸರಿಗೆ 7 ರೂಪಾಯಿ ಮಾತ್ರ. ಹದಿನಾಲ್ಕು ವರ್ಷದೊಳಗಿನ ಮಕ್ಕಳೂ ಕಲ್ಲು ಮಣ್ಣು ಹೊರುತ್ತಿದ್ದರು.

ಆ ವರದಿಯನ್ನು ಒಂದು ಪತ್ರದ ಜೊತೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಕಳಿಸಿದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿ ಅಂತ ತಗೊಂಡಿತು. ಸರ್ಕಾರದ ಕಡೆಯ ವಾದ ಏನಿತ್ತು ಗೊತ್ತಾ? ಕೂಲಿಗಳು ಗುತ್ತೇದಾರನ ಮಂದಿ, ನಮ್ಮವರಲ್ಲ. ಅರ್ಜಿ ಹಾಕಿದವರು ಕೂಲಿಗಳಲ್ಲ, ಅವರಿಗೇನು ಅಧಿಕಾರ. ಮಕ್ಕಳ ದುಡಿಮೆ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡ ಕೆಲಸವೇ ಇಲ್ಲ. 1982ರ ಸೆಪ್ಟೆಂಬರ್ 18ರಂದು ಭಗವತಿ ಮತ್ತು ಬಹರುಲ್ ಇಸ್ಲಾಂ ಅವರ ಪೀಠ ಈ ಮೂರನ್ನೂ ತಳ್ಳಿಹಾಕಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು 23ನೇ ಕಲಮಿನ ಪ್ರಕಾರ ಬಲವಂತದ ದುಡಿಮೆ ಅಂತ ಹೇಳಿತು. ಬಲವಂತ ಅಂದರೆ ಬಡಿಗೆ ಹಿಡಿದು ಹೊಡೆಯೋದು ಮಾತ್ರ ಅಲ್ಲ, ಹಸಿವೂ ಬಲವಂತವೇ. ಬೇರೆ ದಾರಿ ಇಲ್ಲದೆ ಕಡಿಮೆ ಕೂಲಿಗೆ ಒಪ್ಪಿದವನು ತನ್ನ ಇಚ್ಛೆಯಿಂದ ಒಪ್ಪಿದ ಅಂತ ಹೇಳೋಕಾಗಲ್ಲ. ಕಟ್ಟಡ ಕೆಲಸ ಅಪಾಯದ ಕೆಲಸ, 24ನೇ ಕಲಮಿನ ಪ್ರಕಾರ ಅಲ್ಲಿ ಮಕ್ಕಳು ಇರಕೂಡದು ಅಂತಲೂ ಹೇಳಿತು.

ಬಾಬಾಸಾಹೇಬರ ನೇತೃತ್ವದ ಸಮಿತಿ ಬರೆದ ಕಲಮು ಮೂವತ್ತೆರಡು ವರ್ಷದ ಮೇಲೆ ಕೂಲಿಕಾರನ ಒಂದು ರೂಪಾಯಿಯ ಲೆಕ್ಕಕ್ಕೆ ಬಂದು ನಿಂತಿತು. ನಾನು ಈ ತೀರ್ಪು ಓದಿದ ದಿನ ಮಾವನ ನೆನಪಾಗಿ ಕಣ್ಣಾಗ ನೀರು ಬಂತು, ಸುಳ್ಳು ಯಾಕ ಹೇಳ್ಲಿ. ಅವರಿಗಾದದ್ದಕ್ಕೆ ಹೆಸರು ಇತ್ತು, ಆ ಹೆಸರನ್ನು ದೇಶದ ದೊಡ್ಡ ಕೋರ್ಟು ಅವರು ಊರು ಬಿಡೋಕೆ ಮೊದಲೇ ಹೇಳಿತ್ತು, ಅವರಿಗೆ ಯಾರೂ ತಿಳಿಸಿರಲಿಲ್ಲ.

ಆದರೆ ತಾರೀಖು ನೋಡ್ರಿ. ತೀರ್ಪು ಸೆಪ್ಟೆಂಬರ್ 18ಕ್ಕೆ. ಕ್ರೀಡಾಕೂಟ ಶುರುವಾದದ್ದು ನವೆಂಬರ್ 19ಕ್ಕೆ. ನಡುವೆ ಎರಡು ತಿಂಗಳು. ಕಟ್ಟಡಗಳು ಬಹುಪಾಲು ಎದ್ದು ನಿಂತಿದ್ದವು. ಆ ತೀರ್ಪನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದಿಸ್ತಾರೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ತಾಯಿಬೇರು ಅಂತಾರೆ. ನಾನೂ ಅದಕ್ಕೆ ತಲೆಬಾಗ್ತೀನಿ. ಆದರೂ ನ್ಯಾಯ ಬಂದದ್ದು ಕೆಲಸ ಮುಗಿಯೋ ಹೊತ್ತಿಗೆ.

ಈಗ 2010. ಮತ್ತೆ ದಿಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟ, ಅಕ್ಟೋಬರ್ 3ರಿಂದ 14. ಇದರ ಬಗ್ಗೆ ಕೇಳಿದರೆ ಎಲ್ಲರೂ ಕಲ್ಮಾಡಿ ಹೆಸರು ಹೇಳ್ತಾರ. ಹೌದು, ಸುರೇಶ್ ಕಲ್ಮಾಡಿ 2011ರ ಏಪ್ರಿಲ್‌ನಲ್ಲಿ ಬಂಧನವಾದರು, ಟಿವಿಯವರು ತಿಂಗಳುಗಟ್ಟಲೆ ಅದನ್ನೇ ತೋರಿಸಿದರು. ಸಿಎಜಿ ವರದಿ ಬಂತು. 2003ರಲ್ಲಿ ಬಿಡ್ ಹಾಕುವಾಗ 1,200 ಕೋಟಿ ಅಂದಿದ್ದ ಖರ್ಚು 18,532 ಕೋಟಿಯ ಅಂದಾಜಿಗೆ ಏರಿತ್ತು, ಅದರಲ್ಲಿ ವಿಮಾನ ನಿಲ್ದಾಣ, ಮೆಟ್ರೋ ಸೇರಿರಲಿಲ್ಲ. ಒಂದಕ್ಕೆ ಹದಿನೈದು ಪಟ್ಟು. ಆದರೆ ನಮಗೆ ಸಂಬಂಧಪಟ್ಟ ಕಳವಿನ ಬಗ್ಗೆ ಟಿವಿಯಲ್ಲಿ ಚರ್ಚೆಯೇ ಆಗಲಿಲ್ಲ ಅನ್ನಬಹುದು. ನಮ್ಮ ಎಷ್ಟೋ ಗೆಳೆಯರಿಗೂ ಅದು ಗೊತ್ತಿಲ್ಲ. ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಪರಿಶಿಷ್ಟ ಜಾತಿ ವಿಶೇಷ ಘಟಕ ಯೋಜನೆ ಶುರುವಾದದ್ದು 1979–80ರ ಹೊತ್ತಿಗೆ. ವಿಚಾರ ಸರಳ. ಒಂದು ರಾಜ್ಯದಲ್ಲಿ ನಮ್ಮ ಜನಸಂಖ್ಯೆ ಎಷ್ಟು ಪಾಲು ಇದೆಯೋ, ಅಭಿವೃದ್ಧಿ ಬಜೆಟ್ಟಿನಲ್ಲಿ ಅಷ್ಟು ಪಾಲು ನೇರ ನಮ್ಮ ಮಂದಿಗೆ, ನಮ್ಮ ಓಣಿಗೆ ಹೋಗಬೇಕು. ಆ ಹಣವನ್ನು ಬೇರೆ ಕಡೆ ತಿರುಗಿಸುವಂತಿಲ್ಲ, ಖರ್ಚಾಗದೆ ಉಳಿದರೆ ಕಳೆದುಹೋಗುವಂತಿಲ್ಲ ಅನ್ನೋದು ಯೋಜನಾ ಆಯೋಗದ ಮಾರ್ಗಸೂಚಿ. ದಿಲ್ಲಿಯಲ್ಲಿ ನಮ್ಮ ಪಾಲು ಸುಮಾರು 17 ಶೇಕಡಾ.

ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಅನ್ನೋ ಸಂಸ್ಥೆ 2010ರಲ್ಲಿ ಮಾಹಿತಿ ಹಕ್ಕಿನಡಿ ಕಾಗದ ತೆಗೆಸಿ ನೋಡಿದಾಗ, ಈ ಹಣದಲ್ಲಿ 744 ಕೋಟಿ ರೂಪಾಯಿ ಕ್ರೀಡಾಕೂಟದ ಕೆಲಸಕ್ಕೆ ಹೋಗಿದ್ದು ಗೊತ್ತಾಯಿತು. ದಲಿತ ಸಂಘಟನೆಗಳು ಬೀದಿಗೆ ಬಂದವು, ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. 2010ರ ಆಗಸ್ಟ್ ಕೊನೆಗೆ ರಾಜ್ಯಸಭೆಯಲ್ಲಿ ಆಗಿನ ಗೃಹ ಸಚಿವ ಪಿ. ಚಿದಂಬರಂ 678 ಕೋಟಿ ಹೋದದ್ದು ನಿಜ, ಅದು ತಪ್ಪು ಅಂತ ಒಪ್ಪಿಕೊಂಡರು. ಹಣ ವಾಪಸ್ ಕೊಡಿಸುವ ಮಾತೂ ಆಯಿತು.

ಇಲ್ಲೂ ತಾರೀಖು ನೋಡ್ರಿ. ತಪ್ಪು ಒಪ್ಪಿದ್ದು ಆಗಸ್ಟ್ ಕೊನೆಗೆ. ಆಟ ಅಕ್ಟೋಬರ್ 3ಕ್ಕೆ. ಬರೋಬ್ಬರಿ ಒಂದು ತಿಂಗಳು.

ಆ ಹಣ ಯಾವುದಕ್ಕೆ? ಹಾಸ್ಟೆಲ್, ವಿದ್ಯಾರ್ಥಿವೇತನ, ಮನೆ, ಶೌಚಾಲಯಕ್ಕೆ. ಗಟಾರದೊಳಗೆ ಇಳಿದು ಸಾಯುವ ನಮ್ಮ ಹುಡುಗರು ಆ ಕೆಲಸ ಬಿಟ್ಟು ಬ್ಯಾರೆ ದಂಧೆ ಮಾಡಲಿ ಅಂತ ಕೊಡುವ ಸಾಲಕ್ಕೆ. ಅದು ಸ್ಟೇಡಿಯಂ, ರಸ್ತೆ, ದೀಪಗಳಿಗೆ ಹೋಯಿತು. ಹೆಂಗ ಹೋಯ್ತು ಅನ್ನೋದು ಇನ್ನೂ ಮುಖ್ಯ. ಯಾರೂ ರಾತ್ರೋರಾತ್ರಿ ತಿಜೋರಿ ಒಡೆದಿಲ್ಲ. ರಸ್ತೆ ಎಲ್ಲರಿಗೂ ಬೇಕಲ್ಲ, ದಲಿತರೂ ಅದೇ ರಸ್ತೆಯಲ್ಲಿ ನಡೀತಾರಲ್ಲ, ಹಂಗಾದ್ರೆ ರಸ್ತೆಯ ಖರ್ಚಿನಲ್ಲಿ ಒಂದು ಪಾಲು ಅವರ ಲೆಕ್ಕಕ್ಕೆ ಬರೀರಿ. ಇಷ್ಟೇ. ಗುಮಾಸ್ತ ಒಂದು ಕಾಲಂನಿಂದ ಇನ್ನೊಂದು ಕಾಲಂಗೆ ಅಂಕಿ ಸರಿಸಿದ.

ಅದೇ ಹೊತ್ತಿಗೆ ದಿಲ್ಲಿಯಲ್ಲಿ ಕೊಳೆಗೇರಿಗಳನ್ನು ಎಬ್ಬಿಸುತ್ತಿದ್ದರು. 2004ರಲ್ಲಿ ಯಮುನಾ ಪುಶ್ತಾ ಬಸ್ತಿ ಹೋಯಿತು. 2004ರಿಂದ 2010ರೊಳಗೆ ಕ್ರೀಡಾಕೂಟದ ದೆಸೆಯಿಂದ ಕಡಿಮೆ ಅಂದರೂ ಎರಡು ಲಕ್ಷ ಮಂದಿ ಮನೆ ಕಳಕೊಂಡರು ಅಂತ ಅದೇ ಸಂಸ್ಥೆ ಅಂದಾಜು ಮಾಡಿತು. ಎಬ್ಬಿಸೋಕಾಗದೆ ಉಳಿದ ಬಸ್ತಿಗಳ ಮುಂದೆ ಕ್ರೀಡಾಕೂಟದ ಹುಲಿ ಶೇರಾನ ಚಿತ್ರ ಬರೆದ ಪರದೆ ನಿಲ್ಲಿಸಿದರು, ವಿದೇಶದವರಿಗೆ ಕಾಣಬಾರದು ಅಂತ. ಹಳ್ಳಿಯಲ್ಲಿ ಮೇಲ್ಜಾತಿಯವರ ಮದುವೆ ಮೆರವಣಿಗೆ ಹೊಂಟಾಗ ನಮ್ಮ ಓಣಿಯವರಿಗೆ ಒಳಗಿರ್ರಿ ಅಂತಿದ್ದರಲ್ಲ, ಅದೇ ಪದ್ಧತಿ. (2020ರಲ್ಲಿ ಟ್ರಂಪ್ ಬಂದಾಗ ಅಹಮದಾಬಾದಿನ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪರದೆ ಸಾಕಾಗಲಿಲ್ಲ, ಕೊಳೆಗೇರಿ ಮುಂದೆ ಗೋಡೆಯನ್ನೇ ಕಟ್ಟಿದರು. ಈಗ ಅದೇ ಊರು ಕ್ರೀಡಾಕೂಟಕ್ಕೆ ಸಜ್ಜಾಗುತ್ತಿದೆ.)

ದಿಲ್ಲಿ ದೂರ ಅಂತೀರಾ? ಬೆಂಗಳೂರಿಗೆ ಬರ್ರಿ. 1997ರಲ್ಲಿ ಕರ್ನಾಟಕ ರಾಷ್ಟ್ರೀಯ ಕ್ರೀಡಾಕೂಟ ನಡೆಸಿತು. ಪದಕ ಪಟ್ಟಿಯಲ್ಲಿ ನಾವೇ ಮೊದಲು, ಖುಷಿಯ ವಿಷಯ. ಆಟಗಾರರಿಗೆ ಕೋರಮಂಗಲದಲ್ಲಿ ನ್ಯಾಷನಲ್ ಗೇಮ್ಸ್ ವಿಲೇಜ್ ಕಟ್ಟಿದರು, ಆಟ ಮುಗಿದ ಮೇಲೆ ಆ ಫ್ಲಾಟುಗಳನ್ನು ಮಾರಿದರು. ಇವತ್ತು ಅಲ್ಲಿ ಮನೆ ಕೊಳ್ಳೋಕೆ ನಮ್ಮಂಥವರ ಏಳು ತಲೆಮಾರು ದುಡಿಬೇಕು. ಅದರ ಹತ್ತಿರದಲ್ಲೇ, ಈಜೀಪುರದಲ್ಲಿ, ತೊಂಬತ್ತರ ದಶಕದಲ್ಲೇ ಪಾಲಿಕೆ ಕಟ್ಟಿಸಿದ ಬಡವರ ಕ್ವಾರ್ಟರ್ಸ್ ಇತ್ತು. ಬಹುಪಾಲು ದಲಿತರು, ಜೊತೆಗೆ ಮುಸ್ಲಿಮರು, ಕ್ರೈಸ್ತರು. ಕಟ್ಟಿ ಹತ್ತು ಹನ್ನೆರಡು ವರ್ಷಕ್ಕೆ ಆ ಕಟ್ಟಡಗಳು ಕುಸಿಯತೊಡಗಿದವು. ಮಂದಿ ತಗಡಿನ ಶೆಡ್ಡಿಗೆ ಬಂದರು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಆ ಶೆಡ್ಡುಗಳನ್ನೂ ಕೆಡವಿ ಸುಮಾರು 1,500 ಕುಟುಂಬಗಳನ್ನು ರಸ್ತೆಗೆ ಹಾಕಿದರು. ಆ ಜಾಗದ ಅರ್ಧದಲ್ಲಿ ಮಾಲ್ ಬರಬೇಕಾಗಿತ್ತು.

ಈಜೀಪುರದವರನ್ನು ಕ್ರೀಡಾಕೂಟಕ್ಕಾಗಿ ಎಬ್ಬಿಸಲಿಲ್ಲ, ಅದನ್ನು ಸ್ಪಷ್ಟ ಹೇಳಿಬಿಡ್ತೀನಿ, ನಾಳೆ ಯಾರೂ ನನ್ನ ಪೋಸ್ಟ್ ಹಿಡ್ಕೊಂಡು ಸುಳ್ಳ ಅನ್ನಬಾರದು. ನಾನು ಹೇಳೋದು ಬೇರೆ. ಒಂದೇ ದಶಕ, ಒಂದೇ ಬಡಾವಣೆ, ಎರಡೂ ಸರ್ಕಾರ ಕಟ್ಟಿಸಿದ ಮನೆ. ಹದಿನೈದು ದಿನ ಆಡಿ ಹೋಗೋರಿಗೆ ಕಟ್ಟಿದ್ದು ಇವತ್ತಿಗೂ ಗಟ್ಟಿ ನಿಂತಿದೆ. ಬದುಕೋರಿಗೆ ಕಟ್ಟಿದ್ದು ಬಿದ್ದುಹೋಯಿತು. ಸರ್ಕಾರಕ್ಕೆ ಗಟ್ಟಿ ಮನೆ ಕಟ್ಟೋಕೆ ಬರ್ತದ ಅನ್ನೋದಂತೂ ಸಾಬೀತಾಯ್ತಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ನಿಂತದ್ದು ಸಂಪಂಗಿ ಕೆರೆಯ ಅಂಗಳದಲ್ಲಿ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಅನ್ನೋದು ಇನ್ನೊಂದು ಕಥೆ, ಅದನ್ನ ಇನ್ನೊಮ್ಮೆ ಬರೀತೀನಿ.

ನಮಗೆ ಬೆಂಗಳೂರಿಗಿಂತ ಹತ್ತಿರ ಹೈದರಾಬಾದು. 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಲ್ಲಿ ಗಚ್ಚಿಬೌಲಿ ಸ್ಟೇಡಿಯಂ ಎದ್ದಿತು, 2003ರಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ ನಡೆಯಿತು. ಕ್ರೀಡೆಯ ಆ ಅಮಲಿನಲ್ಲೇ 2003ರ ಆಗಸ್ಟ್‌ನಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಐಎಂಜಿ ಅಕಾಡೆಮೀಸ್ ಭಾರತ ಅನ್ನೋ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು 850 ಎಕರೆ ಭೂಮಿ ಕೊಟ್ಟಿತು. ಕ್ರೀಡಾ ಅಕಾಡೆಮಿ ಕಟ್ಟಿ ಒಲಿಂಪಿಕ್ ಮಟ್ಟದ ಆಟಗಾರರನ್ನು ತಯಾರು ಮಾಡ್ತೀವಿ ಅನ್ನೋದು ಮಾತು. ಅದರಲ್ಲಿ 400 ಎಕರೆ ಕಂಚ ಗಚ್ಚಿಬೌಲಿಯದು, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಮಗ್ಗುಲಿಗೇ, ನಮ್ಮ ರೋಹಿತ್ ವೇಮುಲ ಓದಿದ ಕ್ಯಾಂಪಸ್ಸಿಗೆ ಹತ್ತಿದ ನೆಲ. ಅಕಾಡೆಮಿ ಬರಲಿಲ್ಲ, 2006ರಲ್ಲಿ ಮುಂದಿನ ಸರ್ಕಾರ ಅದನ್ನ ರದ್ದು ಮಾಡಿತು. ಕೋರ್ಟಿನಲ್ಲಿ ಕೇಸು 2024ರ ತನಕ ನಡೆಯಿತು. ಸರ್ಕಾರ ಗೆದ್ದಿತು. ಗೆದ್ದ ಮೇಲೆ ನೆಲ ವಿದ್ಯಾರ್ಥಿಗಳಿಗೆ, ಬಡವರಿಗೆ ಬಂತಾ? ಐಟಿ ಪಾರ್ಕಿಗೆ ಹರಾಜು ಹಾಕೋಕೆ 2025ರ ಮಾರ್ಚ್ ಕೊನೆಗೆ ಬುಲ್ಡೋಜರ್ ಬಂತು. ವಿದ್ಯಾರ್ಥಿಗಳು ಅಡ್ಡ ನಿಂತು ಪೆಟ್ಟು ತಿಂದರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆಟದ ಹೆಸರಲ್ಲಿ ಕೈ ಬಿಟ್ಟ ನೆಲ ಇಪ್ಪತ್ತೆರಡು ವರ್ಷವಾದರೂ ಹಿಡಿತಕ್ಕೆ ಬರಲಿಲ್ಲ.

ಇದು ನಮ್ಮ ದೇಶದ ರೋಗ, ಹೊರಗೆ ಛಲೋ ನಡೀತದ ಅನ್ನೋರಿಗೆ ಎರಡು ಮೂರು ಊರ ಹೆಸರು ಹೇಳ್ತೀನಿ. ಅಟ್ಲಾಂಟಾ ಮಾರ್ಟಿನ್ ಲೂಥರ್ ಕಿಂಗ್ ಅವರ ಊರು. 1996ರ ಒಲಿಂಪಿಕ್ಸ್‌ಗೆ ಅಲ್ಲಿನ ಟೆಕ್‌ವುಡ್ ಹೋಮ್ಸ್ ಕೆಡವಿದರು. ಅಮೆರಿಕದ ಕೇಂದ್ರ ಸರ್ಕಾರದ ಹಣದಲ್ಲಿ ಬಡವರಿಗೆ ಕಟ್ಟಿದ ಮೊದಲ ವಸತಿ ಅದು. ಕಟ್ಟಿದಾಗ ಬಿಳಿಯರಿಗೆ ಮಾತ್ರ, ಕೆಡವುವಾಗ ಅಲ್ಲಿದ್ದವರು ಬಹುಪಾಲು ಕರಿಯರು. ಬೀದಿಯಲ್ಲಿ ಮಲಗುವವರನ್ನು ಹಿಡಿಯೋಕೆ ಪೊಲೀಸರ ಹತ್ತಿರ ಮೊದಲೇ ಅಚ್ಚಾದ ಫಾರಂ ಇದ್ದವು, ಅದರಲ್ಲಿ ಜನಾಂಗ ಕರಿಯ, ಗಂಡಸು, ಮನೆಯಿಲ್ಲದವ ಅಂತ ಮೊದಲೇ ಛಾಪಾಗಿತ್ತು. ಹೆಸರು, ತಾರೀಖು ಮಾತ್ರ ತುಂಬಬೇಕು! ನಮ್ಮ ಠಾಣೆಗಳಲ್ಲಿ ಫಾರಂ ಅಚ್ಚು ಹಾಕಿಸಲ್ಲ, ಬಾಯಿಪಾಠ ಇರ್ತದ.

ರಿಯೋದ ವಿಲಾ ಆಟೋಡ್ರೋಮೋ ಅನ್ನೋ ಬಸ್ತಿ 2016ರ ಒಲಿಂಪಿಕ್ ಪಾರ್ಕಿನ ಅಂಚಿಗೆ ಇತ್ತು. ಅಲ್ಲಿನವರ ಕೈಯಲ್ಲಿ ವಾಸದ ಹಕ್ಕುಪತ್ರವೂ ಇತ್ತು. ವಿಶ್ವವಿದ್ಯಾಲಯಗಳ ನೆರವಿನಿಂದ ಅವರೇ ಬಸ್ತಿಯ ಪರ್ಯಾಯ ನಕ್ಷೆ ಮಾಡಿದರು, ಅದಕ್ಕೆ ಪ್ರಶಸ್ತಿಯೂ ಬಂತು. ಆದರೂ ನೂರಾರು ಕುಟುಂಬಗಳಲ್ಲಿ ಕೊನೆಗೆ ಉಳಿದದ್ದು ಇಪ್ಪತ್ತು. ಆ ಇಪ್ಪತ್ತು ಕುಟುಂಬದವರು ಧೂಳಿನ ನಡುವೆ ಕುಂತು ಹೊಸ ಮನೆ ಅಲ್ಲೇ ಕಟ್ಟಿಸಿಕೊಂಡರು. ನನಗೆ ಅವರ ಮೇಲೆ ಬಹಳ ಗೌರವ. ಹಕ್ಕುಪತ್ರ ಇದ್ದವರ ಗತಿಯೇ ಹಿಂಗಾದರೆ, ಹಕ್ಕುಪತ್ರಕ್ಕೆ ತಹಶೀಲ್ದಾರ್ ಕಚೇರಿ ಸುತ್ತುವ ನಮ್ಮವರದು ಏನು.

ಈಗ ಬೇರೆ ತರದ ಎರಡು ಊರು. ಅಮೆರಿಕದ ಡೆನ್ವರ್‌ಗೆ 1976ರ ಚಳಿಗಾಲದ ಒಲಿಂಪಿಕ್ಸ್ ಸಿಕ್ಕೇಬಿಟ್ಟಿತ್ತು. 1972ರ ನವೆಂಬರ್‌ನಲ್ಲಿ ಆ ರಾಜ್ಯದ ಮತದಾರರು ಇದಕ್ಕೆ ನಮ್ಮ ತೆರಿಗೆ ಹಣ ಕೊಡಲ್ಲ ಅಂತ ಓಟು ಹಾಕಿದರು. ಕೂಟ ಇನ್ಸ್‌ಬ್ರುಕ್‌ಗೆ ಹೋಯಿತು, ಡೆನ್ವರ್ ಮುಳುಗಲಿಲ್ಲ. ಮುಳುಗಿದ್ದು ಅದೇ 1976ರ ಬೇಸಿಗೆ ಕೂಟ ನಡೆಸಿದ ಮಾಂಟ್ರಿಯಲ್, ಅದರ ಸಾಲ ತೀರಿದ್ದು ಮೂವತ್ತು ವರ್ಷಕ್ಕೆ.

ಲಂಡನ್ನಿನ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು ಅನ್ನಿಸಿತು. 2012ರ ಒಲಿಂಪಿಕ್ಸ್ ಲಂಡನ್ನಿಗೆ ಸಿಕ್ಕಿದ್ದು 2005ರ ಜುಲೈನಲ್ಲಿ. ಅದಕ್ಕೂ ಮೊದಲು, 2004ರಲ್ಲೇ, ಪೂರ್ವ ಲಂಡನ್ನಿನ ಬಡ ಬಡಾವಣೆಗಳ ಮಸೀದಿ, ಚರ್ಚು, ಶಾಲೆ, ಯೂನಿಯನ್ನುಗಳು ಲಂಡನ್ ಸಿಟಿಜನ್ಸ್ ಹೆಸರಲ್ಲಿ ಒಂದಾಗಿ ಮೇಯರ್ ಕೆನ್ ಲಿವಿಂಗ್‌ಸ್ಟನ್, ಬಿಡ್‌ನ ಮುಖ್ಯಸ್ಥ ಸೆಬಾಸ್ಟಿಯನ್ ಕೋ ಅವರಿಂದ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಕೆಲಸಗಾರರಿಗೆ ಬದುಕಲು ಸಾಕಾಗುವಷ್ಟು ಕೂಲಿ, ಊರಿನವರಿಗೆ ಕೆಲಸ, ಕೈಗೆಟಕುವ ಮನೆ. ಬಿಡ್ ಗೆಲ್ಲಬೇಕಾದರೆ ಊರ ಮಂದಿಯ ಬೆಂಬಲ ತೋರಿಸಬೇಕಾಗಿತ್ತು, ಅದಕ್ಕೇ ಸಹಿ ಬಿತ್ತು. ಕೂಲಿಯ ಮಾತು ಬಹುಮಟ್ಟಿಗೆ ನಡೆಯಿತು. ಮನೆಯ ಮಾತು ಅರ್ಧ ಮುರಿದರು, ಮಂದಿ ಇನ್ನೂ ಜಗಳಾಡ್ತಿದ್ದಾರೆ. ಆದರೆ ಜಗಳಾಡೋಕೆ ಕೈಯಲ್ಲಿ ಒಂದು ಕಾಗದವಾದರೂ ಇದೆ.

1982ರ ತೀರ್ಪು ಆಟಕ್ಕೆ ಎರಡು ತಿಂಗಳ ಮುಂಚೆ, 2010ರ ತಪ್ಪೊಪ್ಪಿಗೆ ಒಂದು ತಿಂಗಳ ಮುಂಚೆ, ಲಂಡನ್ನಿನ ಕಾಗದ ಎಂಟು ವರ್ಷ ಮುಂಚೆ. ವ್ಯತ್ಯಾಸ ಇರೋದು ಇಲ್ಲೇ. ಊರಿಗೆ ಕೂಟ ಬೇಕಾಗಿರುವ ತನಕ ಮಾತ್ರ ಬಡವರ ಮಾತಿಗೆ ಬೆಲೆ. ಕೂಟ ಸಿಕ್ಕ ಮರುದಿನದಿಂದ ಎಲ್ಲಾ ದೇಶದ ಮಾನದ ಪ್ರಶ್ನೆ ಆಗ್ತದ, ಲೆಕ್ಕ ಕೇಳಿದವ ದೇಶದ್ರೋಹಿ ಆಗ್ತಾನ. 2030ರದ್ದು ಸಿಕ್ಕಾಗಿದೆ, ನಾಲ್ಕು ಐದು ವರ್ಷ ಇದೆ. 2036ರದ್ದು ಇನ್ನೂ ನಿರ್ಧಾರ ಆಗಿಲ್ಲ. 2023ರ ಅಕ್ಟೋಬರ್ 14ರಂದು ಮುಂಬೈನಲ್ಲಿ ಪ್ರಧಾನಿ ಆಸೆ ಹೇಳಿಕೊಂಡರು (ನಮಗೆ ಆ ತಾರೀಖು ಬೇರೆ ಕಾರಣಕ್ಕೆ ನೆನಪು, 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತಗೊಂಡ ದಿನ), 2024ರ ಅಕ್ಟೋಬರ್ 1ಕ್ಕೆ ಒಲಿಂಪಿಕ್ ಸಮಿತಿಗೆ ಪತ್ರ ಹೋಯಿತು. ಅಂದರೆ ನಮ್ಮ ಮಟ್ಟಿಗೆ ಇದು 2004ರ ಲಂಡನ್ ಇದ್ದಂಗ.

ಏನು ಕೇಳಬೇಕು ಅಂದರೆ, ಮೊದಲನೇದು ಉಪಯೋಜನೆಯ ಹಣ. ಕೇಂದ್ರದಲ್ಲಿ ಈ ಹಣಕ್ಕೆ ಇವತ್ತಿಗೂ ಕಾಯ್ದೆ ಇಲ್ಲ, ಬಜೆಟ್ಟಿನ ಒಂದು ಪಟ್ಟಿ ಮಾತ್ರ. ಪಟ್ಟಿಯಲ್ಲಿ ಅಂಕಿ ಸರಿಸೋದು ಎಷ್ಟು ಸುಲಭ ಅಂತ ದಿಲ್ಲಿ ತೋರಿಸಿದೆ. ಆ ಪೆಟ್ಟಿನ ನಂತರದ ಹೋರಾಟಗಳಿಂದಲೇ 2013ರಲ್ಲಿ ಆಂಧ್ರದಲ್ಲಿ, ಆಮೇಲೆ ನಮ್ಮ ಕರ್ನಾಟಕದಲ್ಲಿ ಕಾಯ್ದೆ ಬಂತು. ಆದರೆ ನಮ್ಮ ಕಾಯ್ದೆಯಲ್ಲೂ 7(ಡಿ) ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಸೇರಿದ ಕೆಲಸದ ಖರ್ಚಿನಲ್ಲಿ ಒಂದು ಪಾಲು ನಮಗೆ ಆಯಿತು ಅಂತ 'ಭಾವಿಸುವ' ಕಲಮು. ದಿಲ್ಲಿಯ ಗುಮಾಸ್ತನ ಉಪಾಯವನ್ನೇ ಕಾನೂನಿನಲ್ಲಿ ಬರೆದಂಗ! ಹತ್ತು ವರ್ಷ ಹೋರಾಡಿ 2023ರಲ್ಲಿ ಅದನ್ನು ತೆಗೆಸಿದ್ವಿ. ತೆಗೆದ ವರ್ಷವೇ 11,144 ಕೋಟಿ, ಮುಂದಿನ ವರ್ಷ 14,282 ಕೋಟಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ ಅನ್ನೋದು ಉತ್ತರ. ಇದನ್ನ ಬರೆದರೆ ನಮ್ಮ ಕೆಲವು ಗೆಳೆಯರಿಗೆ ಸಿಟ್ಟು ಬರ್ತದ, ಬರಲಿ. ದಿಲ್ಲಿಯಲ್ಲಿ ಆಗ ಇದ್ದದ್ದೂ ಕಾಂಗ್ರೆಸ್ ಸರ್ಕಾರವೇ, ಈಗ ಬಿಡ್ ಹಾಕುತ್ತಿರೋದು ಬಿಜೆಪಿ ಸರ್ಕಾರ. ಅಂಕಿ ಸರಿಸುವ ಕೈ ಪಕ್ಷ ನೋಡಲ್ಲ.

ಎರಡನೇದು ಕೂಲಿ. ಪ್ರತಿ ಸೈಟಿನಲ್ಲಿ ಮೂಲ ಗುತ್ತೇದಾರನ ಹೆಸರು, ದಿನದ ಕೂಲಿ ಎಷ್ಟು ಅನ್ನೋದು ಕನ್ನಡ, ಹಿಂದಿ, ಒಡಿಯಾ, ತೆಲುಗು, ಗುಜರಾತಿಯಲ್ಲಿ ಬೋರ್ಡ್ ಮೇಲೆ ಇರಬೇಕು. ಸುಮ್ಮನೆ ಹೇಳ್ತಿಲ್ಲ. ಕೂಲಿ ಕೊಡೋ ಹೊಣೆ ಕೊನೆಗೆ ಕೆಲಸ ಮಾಡಿಸಿಕೊಳ್ಳುವ ಸರ್ಕಾರದ್ದೇ ಅಂತ 1982ರಲ್ಲೇ ಸುಪ್ರೀಂ ಕೋರ್ಟು ಹೇಳಿ ಆಗಿದೆ. ಮಾವ ಹೋದ ಸೈಟಿನಲ್ಲಿ ಅಂಥದೊಂದು ಬೋರ್ಡ್ ಇದ್ದಿದ್ದರೆ ಯಾರ ಹತ್ತಿರ ಹೋಗಬೇಕು ಅನ್ನೋದಾದರೂ ಗೊತ್ತಾಗ್ತಿತ್ತು. ಮನೆ, ನೆಲದ ಮಾತು ಅಹಮದಾಬಾದಿನ ನಮ್ಮ ಗುಜರಾತಿ ಬಂಧುಗಳು ನನಗಿಂತ ಛಲೋ ಬಲ್ಲರು, ಅವರ ಹಿಂದೆ ನಾವು ನಿಂತರೆ ಸಾಕು.

ನಾನು ಆಟದ ವಿರೋಧಿ ಅಂತ ಯಾರೂ ತಿಳಿಬ್ಯಾಡ್ರಿ. 2021ರ ಟೋಕಿಯೋದಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದಾಗ ನಾನೂ ಕೂಗಿದವನೇ. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಭಾರತದ ಮೊದಲ ಹಾಕಿ ಹೆಣ್ಣುಮಗಳು. ನಾಲ್ಕೇ ದಿನದಲ್ಲಿ ತಂಡ ಸೆಮಿಫೈನಲ್ ಸೋತಿತು, ಹರಿದ್ವಾರದ ಆಕೆಯ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಸ್ಟೇಡಿಯಂ ಕಟ್ಟಿದರೆ ಅದು ಹೋಗಲ್ಲ. ಆದರೂ ನಮ್ಮ ಹುಡುಗರು ಆಡಬೇಕು, ಆಡೇ ಆಡ್ತಾರ. ಆ ಕಬಡ್ಡಿ ಹುಡುಗ ತೊಗರಿ ಕಟಾವಾದ ಹೊಲದಾಗ ಕೂಳೆ ಚುಚ್ಚಿಸ್ಕೊಂಡು ಆಡ್ತಾನ. ಮೊಣಕಾಲು ನೋಡಿದ್ರ ಗೊತ್ತಾಗ್ತದ.

ಮೊನ್ನೆ ಅವನನ್ನ ಕರೆದು ಇದೆಲ್ಲಾ ಹೇಳಿದೆ. ಪೂರ್ತಿ ಕೇಳಿದ. "ಹಂಗಾರ ಬ್ಯಾಡ ಅಂತೀರೇನಣ್ಣ?" ಅಂದ. ಬ್ಯಾಡ ಅಲ್ಲೋ, ಲೆಕ್ಕ ಆಮ್ಯಾಲ ಅಂದ್ರ ಬ್ಯಾಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಿಗಿ ಕೇಳಬೇಕು, ಬರ್ರಿ ಬರಿಯೋಣು" ಅಂದ.

ಇಬ್ಬರೂ ಕೂಡಿ ಕೇಂದ್ರದ ಕ್ರೀಡಾ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೀವಿ. 2030ರ ಕೂಟಕ್ಕೆ ಈವರೆಗೆ ಮಂಜೂರಾದ ಹಣ ಎಷ್ಟು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣದ ಹೆಸರಿನಲ್ಲಿ ತೋರಿಸಿದ್ದು ಎಷ್ಟು, ಯಾವ ಕಾಮಗಾರಿಗೆ, ಕೂಲಿ ಕರಾರಿನ ಪ್ರತಿ ಕೊಡಿ. ಮೂರೇ ಪ್ರಶ್ನೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಸೇಡಂ ಪೋಸ್ಟಾಫೀಸಿನಿಂದ ಸೋಮವಾರ ಕಳಿಸ್ತೀವಿ. ಅರ್ಜಿಯ ಪ್ರತಿ ಬೇಕಾದವರು ಇನ್‌ಬಾಕ್ಸಿಗೆ ಬರ್ರಿ, ನಿಮ್ಮ ಊರಿಂದಲೂ ಹಾಕ್ರಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆ ಹೇಳ್ತದ. ಬಂದ ಉತ್ತರ ಬಂದಂಗೇ ಇಲ್ಲಿ ಹಾಕ್ತೀನಿ.

ಜೈ ಭೀಮ್.